ನನ್ನ ಮಂಡಿ ಮತ್ತು ಮಹಾಮೃಗ ಗೌರಮ್ಮ

ಮೊನ್ನೆ ಬೀರುವಿನ ಕೆಳಗಿನ ಖಾನೆ ಚೊಕ್ಕಟ ಮಾಡುತ್ತಿದ್ದಾಗ ಹಳೆಯ ಟವೆಲ್ಲುಗಳ ನಡುವೆ ಬೂದು ಬಣ್ಣದ ನೀ ಕ್ಯಾಪ್ ಸಿಕ್ಕಿತು. ಕಾಲುಚೀಲದ ಪಾದವನ್ನು ಕತ್ತರಿಸಿ ಎಸೆದು ಮೇಲಿನ ಕೊಳವೆಯನ್ನಷ್ಟೇ ಉಳಿಸಿಕೊಂಡ ಹಾಗಿರುವ ಈ ಪಟ್ಟಿಯನ್ನು ಮಂಡಿನೋವಿನವರು ಹಾಕಿಕೊಳ್ಳುತ್ತಾರೆ ಎಂದು ನಿಮಗೆ ಹೇಳಬೇಕಾಗಿಲ್ಲ. ನಿಮ್ಮ ಮನೆಯಲ್ಲೂ ಒಂದು ಇದ್ದೇ ಇರುತ್ತದೆ. ಅದನ್ನು ಕೈಗೆತ್ತಿಕೊಂಡೆ. ಮನೆಯಲ್ಲಿ ಯಾರೂ ಇರಲಿಲ್ಲ, ಆದರೂ ನನ್ನ ಕಿವಿಗಳು ಬಿಸಿಯಾದವು. ಮಂಡಿನೋವು ನೆನಪಾದರೆ ಯಾರ ಕಿವಿಯೂ ಬಿಸಿಯಾಗುವುದಿಲ್ಲ. ನನಗೆ ನೆನಪಾದದ್ದು ನಾಚಿಕೆ.

ಹೇಳಿಯೇ ಬಿಡುತ್ತೇನೆ. ನೀವು ನನ್ನನ್ನು ಬಲ್ಲವರೇ ಆಗಿದ್ದರೆ ಸ್ವಲ್ಪ ಬೇರೆ ಕಡೆ ಮುಖ ಮಾಡಿಕೊಂಡು ಕೇಳಿಸಿಕೊಳ್ಳಿ.

ನಾನು ಪುಲಿಕೇಶಿನಗರದ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತಳಾದವಳು. ಮನೆ ಬೆನ್ನಿಗಾನಹಳ್ಳಿ. ನನ್ನ ಯಜಮಾನರ ಹಿರಿಯರು ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ನಾವೂ ನಮ್ಮ ಬಾಡಿಗೆಯವರೂ ಒಬ್ಬರ ತಲೆಯ ಮೇಲೆ ಒಬ್ಬರು ವಾಸವಾಗಿದ್ದೇವೆ. ನವೆಂಬರ್ ಬಂತೆಂದರೆ ನಮ್ಮ ಬಡಾವಣೆಯಲ್ಲಿ ಬಾವುಟ ಹಾರಿಸಿದ ಮೇಲೆ ಮಾತಾಡಲು ನನ್ನನ್ನೇ ಕರೆಯುತ್ತಾರೆ. ಒಳ್ಳೆಯ ಓದಿನ ಅಭಿರುಚಿ ಕುರಿತು ನಾನು ಮಾಡುವ ಭಾಷಣ ಮೈಕಿನವನಿಗೂ ಬಾಯಿಪಾಠವಾಗಿದೆ. ಇಷ್ಟು ಹೇಳಿದ್ದು ಜಂಬಕ್ಕಲ್ಲ. ಬಿದ್ದಾಗ ಎಷ್ಟು ಎತ್ತರದಿಂದ ಬಿದ್ದೆ ಎಂದು ನಿಮಗೆ ಗೊತ್ತಾಗಲಿ ಎಂದು.

ಬಿದ್ದದ್ದು ನಿಜವಾಗಿಯೂ ಮೆಟ್ಟಿಲಿನಿಂದಲೇ. ಮೆಟ್ರೋ ನಿಲ್ದಾಣದ ಮೆಟ್ಟಿಲಿಳಿಯುವಾಗ ಕಾಲು ತಪ್ಪಿ ಬಲಮಂಡಿ ತಿರುಚಿಕೊಂಡಿತು. ಮೂಳೆಗೆ ಏನೂ ಆಗಿಲ್ಲ, ಕೆಲವು ವಾರ ಫಿಸಿಯೋಥೆರಪಿ ಮಾಡಿಸಿ ಎಂದರು ಡಾಕ್ಟರು. ಹತ್ತಿರದಲ್ಲೇ ಬೇಕಾದಷ್ಟು ಕ್ಲಿನಿಕ್ಕುಗಳಿದ್ದರೂ ನಾನು ಕುಕ್ ಟೌನಿಗೆ ಹೋದೆ. ಅಲ್ಲಿ ಹಳೆಯ ಬಂಗಲೆಯೊಂದರ ಮುಂಭಾಗದಲ್ಲಿ ಕ್ಲಿನಿಕ್ ಇಟ್ಟುಕೊಂಡಿರುವ ರೀಟಾ ನನ್ನ ಶಿಷ್ಯೆ. ಶಾಲೆಯಲ್ಲಿದ್ದಾಗ ಅಲ್ಪಪ್ರಾಣ ಮಹಾಪ್ರಾಣ ಎರಡನ್ನೂ ಒಂದೇ ಉಸಿರಿನಲ್ಲಿ ಮುಗಿಸುತ್ತಿದ್ದ ಹುಡುಗಿ. ಈಗ "ಮಿಸ್, ಕಾಲು ಚಾಚಿ" ಎಂದು ನನಗೇ ಹೇಳಿಕೊಡುವಷ್ಟು ದೊಡ್ಡವಳಾಗಿದ್ದಾಳೆ.

ಅಲ್ಲಿನ ಕ್ರಮ ಹೀಗೆ. ವ್ಯಾಯಾಮಕ್ಕೆ ಮೊದಲು ಜಗುಲಿಯಂಥ ಹೊರಕೋಣೆಯಲ್ಲಿ ಬೆತ್ತದ ಕುರ್ಚಿಯ ಮೇಲೆ ಕೂರಿಸಿ ಮಂಡಿಗೆ ಬಿಸಿಚೀಲ ಸುತ್ತುತ್ತಾರೆ. ಎದುರಿನ ಗಿಡ್ಡ ಸ್ಟೂಲಿನ ಮೇಲೆ ಟವೆಲ್ ಸುತ್ತಿದ ದಿಮ್ಮಿಯೊಂದನ್ನಿಟ್ಟು ಅದರ ಮೇಲೆ ಹಿಮ್ಮಡಿ ಊರಿಸುತ್ತಾರೆ. ಮೊದಲ ವಾರವೇ ಒಂದು ದಿನ ನನ್ನ ಹಿಮ್ಮಡಿಯ ಕೆಳಗಿನ ಟವೆಲ್ ಸರಿಯಿತು. ಬಗ್ಗಿ ನೋಡಿದರೆ, ದಿಮ್ಮಿ ಎಂದುಕೊಂಡದ್ದು ಪುಸ್ತಕ! ಯಾವುದೋ ರೋಗಿ ಬಿಟ್ಟುಹೋದ ಇಂಗ್ಲಿಷ್ ಕಾದಂಬರಿ, ಇಟ್ಟಿಗೆಯಷ್ಟು ದಪ್ಪ. ನನ್ನ ಎದೆ ಧಸಕ್ಕೆಂದಿತು. ಕಾಗದದ ಚೂರು ಕಾಲಿಗೆ ತಾಗಿದರೂ ಕಣ್ಣಿಗೊತ್ತಿಕೊಳ್ಳುವ ಮನೆಯಲ್ಲಿ ಬೆಳೆದವಳು ನಾನು. ಅಷ್ಟು ದಿನ ಸರಸ್ವತಿಯ ಮೇಲೆ ಹಿಮ್ಮಡಿ ಊರಿ ಕೂತಿದ್ದೆನಲ್ಲ! ತಕ್ಷಣ ಎತ್ತಿ ಕಣ್ಣಿಗೊತ್ತಿಕೊಂಡೆ. ಒತ್ತಿಕೊಂಡ ಮೇಲೆ ಬಿಚ್ಚದೆ ಹಾಗೇ ಇಡುವುದು ಮತ್ತೊಂದು ಅಪಚಾರ ಎನಿಸಿ ಮೊದಲ ಪುಟ ತೆಗೆದೆ.

ಅದೊಂದು ಕಲ್ಪಿತ ರಾಜ್ಯದ ಕಥೆ, ಉದ್ದನೆಯ ಮಾಲಿಕೆಯ ಮೊದಲ ಸಂಪುಟ. ರಕ್ಷಾಪುಟದಲ್ಲಿ ನೀಲಿ ಬೆಟ್ಟ, ಬೆಟ್ಟಕ್ಕೊಂದು ಬಾಲ. ಇಂಥ ಪುಸ್ತಕಗಳನ್ನು ಹದಿವಯಸ್ಸಿನ ಮಕ್ಕಳು ಓದುತ್ತಾರೆ ಎಂದು ಗೊತ್ತಿತ್ತು. ಒಂದು ಪುಟ ನೋಡಿ ಇಟ್ಟುಬಿಡೋಣ ಎಂದುಕೊಂಡೆ. ಮೊದಲ ಪುಟದಲ್ಲಿ ಒಬ್ಬ ಹುಡುಗಿ ಬೆಟ್ಟದೂರಿನ ಬಾವಿಗೆ ಕೊಡ ಇಳಿಬಿಡುತ್ತಾಳೆ. ಮೇಲೆ ಬಂದ ನೀರು ಬೆಚ್ಚಗಿರುತ್ತದೆ. ಮರುದಿನ ಇನ್ನೂ ಬೆಚ್ಚಗೆ. ಅದರ ಮರುದಿನ ಬಾವಿಯೊಳಗಿನಿಂದ ಉಸಿರಿನ ಸದ್ದು. ಊರು ಕಟ್ಟಿಕೊಂಡಿರುವುದು ಬೆಟ್ಟದ ಮೇಲಲ್ಲ, ಮಲಗಿರುವ ಒಂದು ಮಹಾಮೃಗದ ಬೆನ್ನ ಮೇಲೆ! ಅದು ಆ ಹುಡುಗಿಯೊಬ್ಬಳನ್ನು ಬಿಟ್ಟು ಬೇರೆ ಯಾರಿಗೂ ಗೊತ್ತಿಲ್ಲ.

"ಮಿಸ್, ಬಿಸಿ ಆರ್ಹೋಯ್ತು. ಒಳಗೆ ಬರ್ತೀರಾ?" ಎಂದು ರೀಟಾ ಕರೆದಾಗ ನಾನು ಬೆಚ್ಚಿಬಿದ್ದೆ. ಪುಸ್ತಕವನ್ನು ಸೀರೆಯ ನೆರಿಗೆಯಡಿ ತಳ್ಳಿದೆ. ಯಾಕೆ ತಳ್ಳಿದೆ ಎಂದು ನನಗೇ ತಿಳಿಯಲಿಲ್ಲ.

ಈಗ ತಿಳಿಯುತ್ತದೆ. ನಾನು ಚಿಕ್ಕವಳಿದ್ದಾಗ ನಮ್ಮಜ್ಜಿ ಕಗ್ಗದಾಸಪುರದ ಕಣದಲ್ಲಿ ರಾಗಿ ತೂರುತ್ತ ಕಥೆ ಹೇಳುತ್ತಿದ್ದಳು. ಏಳು ಸಮುದ್ರದಾಚೆ ಗಿಳಿಯ ಹೊಟ್ಟೆಯಲ್ಲಿ ಜೀವ ಇಟ್ಟುಕೊಂಡ ರಾಕ್ಷಸ, ಮಾತಾಡುವ ಒನಕೆ, ಗಂಡನನ್ನು ಹುಡುಕಿಕೊಂಡು ಹಾವಿನ ಲೋಕಕ್ಕೆ ಇಳಿದ ಸೊಸೆ. ಮೊರದಿಂದ ಉದುರುವ ರಾಗಿಯ ದೂಳಿನಲ್ಲಿ ಅವಳ ಮುಖ ಅರ್ಧ ಕಾಣುತ್ತಿತ್ತು, ಅರ್ಧ ಕಾಣುತ್ತಿರಲಿಲ್ಲ. ಗಾಳಿ ನಿಂತರೆ ಕಥೆಯೂ ನಿಲ್ಲುತ್ತಿತ್ತು. ನಾನು ಬಾಯಿ ಉಬ್ಬಿಸಿ ಗಾಳಿ ಊದುತ್ತಿದ್ದೆ, ಕಥೆ ಮುಂದೆ ಹೋಗಲಿ ಎಂದು. ಅಜ್ಜಿ ಹೋದ ಮೇಲೆ ತಿಂಗಳಿಗೊಮ್ಮೆ ಬರುವ ಮಕ್ಕಳ ಪತ್ರಿಕೆ ನನ್ನ ಗತಿಯಾಯಿತು. ಎಸ್ಸೆಸ್ಸೆಲ್ಸಿ ವರ್ಷ ಹುಲ್ಲಿನ ಮೆದೆಯ ಹಿಂದೆ ಕೂತು ಅದನ್ನು ಓದುತ್ತಿದ್ದವಳನ್ನು ಅಪ್ಪ ಕಂಡುಬಿಟ್ಟರು. ಬೈಯಲಿಲ್ಲ. ಮನೆಗೆ ಬಂದ ಮೇಷ್ಟರ ಮುಂದೆ, "ನಮ್ಮುಡ್ಗಿ ಇನ್ನೂ ರಾಕ್ಷಸನ್ ಕಥೆ ಓದ್ತಾಳೆ ಸಾ" ಎಂದು ನಕ್ಕರು. ಮೇಷ್ಟರೂ ನಕ್ಕರು. ಆ ನಗೆಗೆ ಹೆದರಿ ನಾನು ರಾಕ್ಷಸರನ್ನು ಬಿಟ್ಟೆ. ಆಮೇಲೆ ಓದಿದ್ದೆಲ್ಲ ಘನವಾದ ಸಾಹಿತ್ಯ. ಎಷ್ಟೋ ಘನವಾದ ಪುಸ್ತಕಗಳನ್ನು ಮುಗಿಸಿ ಪಕ್ಕಕ್ಕಿಟ್ಟಾಗ, ಸದ್ಯ ಮುಗಿಯಿತಲ್ಲ ಎಂದು ಉಸಿರು ಬಿಟ್ಟಿದ್ದೇನೆ. ಅದನ್ನು ಮಾತ್ರ ಭಾಷಣದಲ್ಲಿ ಹೇಳಿಲ್ಲ.

ಪುಸ್ತಕ ಅಂಗಡಿಗೆ ಹೋಗಿ ಕೊಂಡುಕೊಳ್ಳಬಹುದಿತ್ತಲ್ಲ ಎಂದು ನೀವು ಕೇಳಬಹುದು. ಕೊಂಡರೆ ಅದು ನನ್ನದಾಗುತ್ತದೆ. ಮನೆಯಲ್ಲಿ ಅದಕ್ಕೊಂದು ಜಾಗ ಬೇಕಾಗುತ್ತದೆ, ಬಂದವರು ಯಾರದಿದು ಎನ್ನುತ್ತಾರೆ. ಕ್ಲಿನಿಕ್ಕಿನಲ್ಲಾದರೆ ಬಿಸಿಚೀಲ ಆರುವ ತನಕ ಹೊತ್ತು ಕಳೆಯಲು ಕೈಗೆ ಸಿಕ್ಕಿದ್ದನ್ನು ತಿರುವಿದೆ ಎಂದು ನನಗೆ ನಾನೇ ಹೇಳಿಕೊಳ್ಳಬಹುದು. ರೋಗಿಗಳು ಬಿಟ್ಟುಹೋದ ಪುಸ್ತಕಗಳನ್ನು ಹೊರಗೆ ಒಯ್ಯಬಾರದು ಎಂದು ಅವನ್ನಿಡುವ ಹೊರಕೋಣೆಯ ಕಪಾಟಿನ ಮೇಲೆ ರೀಟಾ ಚೀಟಿ ಬೇರೆ ಅಂಟಿಸಿದ್ದಳು. ಹಾಗಾಗಿ ನಾನು ಮನೆಯಿಂದ ಕನ್ನಡ ದಿನಪತ್ರಿಕೆ ಒಯ್ದು, ಅದನ್ನು ಅಗಲವಾಗಿ ಬಿಡಿಸಿ, ಅದರ ಮಡಿಲಲ್ಲಿ ಮಹಾಮೃಗವನ್ನು ಇಟ್ಟುಕೊಂಡು ಓದತೊಡಗಿದೆ. ನೋಡಿದವರಿಗೆ ಸಂಪಾದಕೀಯದಲ್ಲಿ ಮುಳುಗಿದ ಗಂಭೀರ ಹೆಂಗಸು.

ನನ್ನ ಇಂಗ್ಲಿಷ್ ಓದು ನಿಧಾನ. ಕನ್ನಡ ಮೀಡಿಯಮ್ಮಿನವಳು, ತುಟಿ ಅಲ್ಲಾಡಿಸದೆ ಓದಲು ಬರುವುದಿಲ್ಲ. ಅದರಲ್ಲೂ ಆ ಹೆಸರುಗಳು! ಎರಡು ಸ್ವರ ಹೇಳುವಷ್ಟರಲ್ಲಿ ನಾಲ್ಕು ವ್ಯಂಜನ ಅಡ್ಡ ಬರುತ್ತಿದ್ದವು. ಕೊನೆಗೆ ನಾನೇ ಎಲ್ಲರಿಗೂ ನಾಮಕರಣ ಮಾಡಿದೆ. ಹುಡುಗಿ ಸೆರಿಥ್ ಸರಿತಾ ಆದಳು. ಅವಳ ಕುತಂತ್ರಿ ಚಿಕ್ಕಪ್ಪ ಥ್ರಯಂಬಾಕ್ ತ್ರ್ಯಂಬಕ ಆದ. ಮಹಾಮೃಗದ ಹೆಸರು ಗೋರ್‌ಮಥ್. ಅವಳನ್ನು ಗೌರಮ್ಮ ಎಂದು ಕರೆದೆ. ಹೆಸರು ಇಟ್ಟ ಮೇಲೆ ಕಥೆ ಓಡಿತು. ನಮ್ಮೂರಿನ ಕೆರೆಯಂಗಳದ ಮೇಲೆ ಎದ್ದಿರುವ ಮನೆಗಳ ನಡುವೆ ಸಂಜೆ ನಡೆದು ಬರುವಾಗ, ಇವೂ ಯಾವ ಗೌರಮ್ಮನ ಬೆನ್ನ ಮೇಲೆ ನಿಂತಿವೆಯೋ ಎಂದು ಕಾಲು ಮೆಲ್ಲಗೆ ಊರುತ್ತಿದ್ದೆ.

ಪುಸ್ತಕಕ್ಕೆ ಇನ್ನೊಬ್ಬರು ಓದುಗರಿದ್ದಾರೆ ಎಂದು ಗೊತ್ತಾದದ್ದು ಆಗಲೇ. ನಾನು ಬಸ್ಸಿನ ಟಿಕೆಟ್ಟನ್ನು ಗುರುತಿಗೆ ಇಡುತ್ತಿದ್ದೆ. ಅದಕ್ಕಿಂತ ಹಿಂದೆ ಎಲ್ಲೋ ಒಂದು ನೇರಳೆ ಬಣ್ಣದ ಬಟ್ಟೆಯ ತುಂಡು ಕಂಡಿತು. ಮುಂದಿನ ಸಲ ನೋಡಿದರೆ ಅದು ನನ್ನ ಟಿಕೆಟ್ಟನ್ನು ದಾಟಿ ಹೋಗಿತ್ತು. ಯಾರೋ ನನಗಿಂತ ಬೇಗ ಓದುತ್ತಿದ್ದಾರೆ! ಕಾಲೇಜು ಹುಡುಗ ಯಾರೋ ಇರಬೇಕು, ಫುಟ್‌ಬಾಲ್ ಆಡಿ ಕಾಲು ಮುರಿದುಕೊಂಡವನು ಎಂದುಕೊಂಡೆ. ಅವನ ಮೇಲೆ ನನಗೆ ವಿಪರೀತ ಹೊಟ್ಟೆಕಿಚ್ಚಾಯಿತು.

ಇದರ ನಡುವೆ ಒಂದು ಅನಾಹುತವಾಯಿತು. ನನ್ನ ಮಂಡಿ ವಾಸಿಯಾಗಿಬಿಟ್ಟಿತು.

ಒಂದು ಬೆಳಿಗ್ಗೆ ಎದ್ದು ಅಟ್ಟದ ಮೇಲಿನ ಡಬ್ಬಿ ತೆಗೆಯಲು ಸ್ಟೂಲು ಹತ್ತಿ ಇಳಿದ ಮೇಲೆ ಗೊತ್ತಾಯಿತು, ನೋವೇ ಇಲ್ಲ. ಸಂತೋಷವಾಗಬೇಕಿತ್ತು. ಆಗ ಸರಿತಾ ತ್ರ್ಯಂಬಕನ ಸೆರೆಯಲ್ಲಿದ್ದಳು. ಗೌರಮ್ಮನ ಉಸಿರಿಗೆ ಊರಿನ ದೇಗುಲದ ಗಂಟೆಗಳು ತಾವಾಗಿಯೇ ಮೊಳಗತೊಡಗಿದ್ದವು. ನಾನು ಕ್ಲಿನಿಕ್ಕಿಗೆ ಹೋದೆ. ಬಾಗಿಲ ಬಳಿ ಬಂದಾಗ ಬಲಗಾಲು ತಾನಾಗಿಯೇ ಕುಂಟಿತು.

"ಇನ್ನೂ ನೋವಾ ಮಿಸ್?"

"ಸ್ವಲ್ಪ ಇದೆಯಮ್ಮ. ಒಳಗೆ, ಆಳದಲ್ಲಿ."

ಆ ಹುಡುಗಿ ನಂಬಿದಳು. ಗುರುವಿನ ಮಾತಲ್ಲವೇ! ಮುಂದಿನ ಸಲವೂ ನಂಬಿದಳು. ಅದರಾಚೆ ಅವಳ ಹಣೆ ಗಂಟಾಯಿತು. "ಮಸಲ್ ಎಲ್ಲಾ ಚೆನ್ನಾಗಿದೆ ಮಿಸ್, ಆದ್ರೂ ಯಾಕೆ ಕಮ್ಮಿ ಆಗ್ತಿಲ್ಲ? ಇವತ್ತು ನೀಡ್ಲಿಂಗ್ ಮಾಡೋಣ" ಎಂದು ಉದ್ದುದ್ದ ಸೂಜಿಗಳ ಪೊಟ್ಟಣ ತೆಗೆದಳು. ಬಾಯಿ ಬಿಟ್ಟು ನಿಜ ಹೇಳಲು ಆಗಲೂ ಅವಕಾಶವಿತ್ತು. ನಾನು ಕಣ್ಣು ಮುಚ್ಚಿ ಕಾಲು ಚಾಚಿದೆ. ಒಂದೊಂದು ಸೂಜಿ ಇಳಿದಾಗಲೂ, ಇದು ತಕ್ಕದ್ದೇ ಎಂದುಕೊಂಡೆ.

ಮನೆಯಲ್ಲಿ ಆದದ್ದು ಇದಕ್ಕಿಂತ ಚುಚ್ಚುವಂಥದ್ದು. ನಮ್ಮ ಯಜಮಾನರು ಕಾಫಿಯ ಮನುಷ್ಯ. ಬೆಳಿಗ್ಗೆಯ ಕಾಫಿ ತಡವಾದರೆ ದೇವರ ಪಟಗಳ ಮೇಲೂ ಸಿಟ್ಟು ಮಾಡುವವರು. ಅವರು ಇದ್ದಕ್ಕಿದ್ದ ಹಾಗೆ ಬಿಸಿನೀರು ಕುಡಿಯುತ್ತಿರುವುದನ್ನು ನೋಡಿ, "ಯಾಕ್ರೀ, ಹೊಟ್ಟೆ ಸರಿಯಿಲ್ವಾ?" ಎಂದೆ.

"ಏನಿಲ್ಲ ಬಿಡು."

"ಹೇಳಿ ಅಂದ್ರೆ."

"ಹಲಸೂರು ಸೋಮೇಶ್ವರನಿಗೆ ಹೇಳ್ಕೊಂಡಿದ್ದೀನಿ ಕಣೇ. ನಿನ್ ಮಂಡಿ ಸರಿಹೋಗೋವರ್ಗೂ ಕಾಫಿ ಮುಟ್ಟಲ್ಲ ಅಂತ."

ಅವರು ಲೋಟದಿಂದ ಬಿಸಿನೀರನ್ನು ಕಾಫಿ ಹೀರುವ ಹಾಗೆಯೇ ಸೊರ್ ಎಂದು ಹೀರಿದರು. ನಾನು ಅಡುಗೆಮನೆಗೆ ಹೋಗಿ ಗೋಡೆಗೆ ಮುಖ ಮಾಡಿ ನಿಂತೆ. ಅಷ್ಟು ನಾಚಿಕೆ ನನಗೆ ಹಿಂದೆಂದೂ ಆದದ್ದಿಲ್ಲ. ಇವತ್ತೇ ಹೇಳಿಬಿಡಬೇಕು ಎಂದುಕೊಂಡೆ. ಏನೆಂದು ಹೇಳುವುದು? ಒಂದು ಮೃಗ ಎದ್ದೇಳುವುದೋ ಇಲ್ಲವೋ ನೋಡಬೇಕು, ಅದಕ್ಕೆ ನಿಮ್ಮ ಕಾಫಿ ತಪ್ಪಿಸಿದ್ದೇನೆ ಎಂದೇ? ಬೇಗ ಬೇಗ ಓದಿ ಮುಗಿಸಿಬಿಟ್ಟರೆ ಅವರ ಕಾಫಿ ಅವರಿಗೆ ಸಿಗುತ್ತದೆ, ಹೇಳುವ ಪ್ರಮೇಯವೇ ಬರುವುದಿಲ್ಲ ಎಂದು ನನ್ನ ಹೇಡಿ ಬುದ್ಧಿ ದಾರಿ ತೋರಿಸಿತು. ಮರುದಿನ ಕ್ಲಿನಿಕ್ಕಿಗೆ ಬಹಳ ಮುಂಚೆಯೇ ಹೋದೆ.

ಕಪಾಟಿನಲ್ಲಿ ಪುಸ್ತಕವಿರಲಿಲ್ಲ.

ಹೊರಕೋಣೆಯಲ್ಲಿದ್ದವರು ಒಬ್ಬರೇ. ಕಪ್ಪು ಬುರ್ಖಾ ತೊಟ್ಟ, ಚಿನ್ನದ ಕಟ್ಟಿನ ಕನ್ನಡಕದ ಹಿರಿಯ ಹೆಂಗಸು. ಅವರನ್ನು ಎಷ್ಟೋ ಸಲ ನೋಡಿದ್ದೆ; ಅವರ ಬಿಸಿಚೀಲ ಆರುವ ಹೊತ್ತಿಗೆ ನನ್ನದು ಶುರುವಾಗುತ್ತಿತ್ತು. ಎದುರುಬದುರು ಕುರ್ಚಿಗಳಲ್ಲಿ ಇಬ್ಬರೂ ಮಂಡಿಗೆ ಬಿಸಿಚೀಲ ಸುತ್ತಿಕೊಂಡು ಕೂತು ಮುಗುಳ್ನಕ್ಕು ಸುಮ್ಮನಾಗುತ್ತಿದ್ದೆವು. ಆ ದಿನವೂ ಅವರು ಎಂದಿನಂತೆ ಉರ್ದು ಪತ್ರಿಕೆ ಓದುತ್ತಿದ್ದರು. ನಾನು ಕೂತೆ. ಸುಮ್ಮನೆ ಅವರ ಕೈ ನೋಡುತ್ತಿದ್ದೆ. ಪತ್ರಿಕೆ ಅಲ್ಲಾಡದೆ ನಿಂತಿದೆ, ಒಳಗೆ ಹಾಳೆ ತಿರುಗುವ ಸದ್ದು ಬರುತ್ತಿದೆ. ಅದೂ ಅವರ ಎಡಕ್ಕೆ ತಿರುಗುತ್ತಿದೆ. ಮಸೀದಿ ರಸ್ತೆಯ ಅಂಗಡಿಗಳ ಮುಂದೆ ಇಷ್ಟು ವರ್ಷ ಓಡಾಡಿದ ನನಗೆ ಉರ್ದುವನ್ನು ಬಲಗಡೆಯಿಂದ ಓದುತ್ತಾರೆ, ಹಾಳೆ ಬಲಕ್ಕೆ ತಿರುಗಬೇಕು ಎಂದು ಗೊತ್ತಿಲ್ಲವೇ? ಕತ್ತು ಉದ್ದ ಮಾಡಿದೆ. ಪತ್ರಿಕೆಯ ಕೆಳಗಿನ ಅಂಚಿನಲ್ಲಿ ನೀಲಿ ಬಾಲ ಇಣುಕುತ್ತಿತ್ತು.

ಇದನ್ನು ಬರೆಯಲು ಕೈ ಹಿಂಜರಿಯುತ್ತದೆ. ಆ ಇನ್ನೊಬ್ಬ ಓದುಗ ಇವರಿರಬಹುದು ಎಂದು ನನಗೆ ಒಂದು ಕ್ಷಣವೂ ಹೊಳೆದಿರಲಿಲ್ಲ. ಇಲ್ಲದ ಫುಟ್‌ಬಾಲ್ ಹುಡುಗನನ್ನು ಹುಟ್ಟಿಸಿದ್ದೆ, ಎದುರಿಗಿದ್ದವರನ್ನು ನೋಡಿರಲಿಲ್ಲ.

"ಸರಿತಾ ತಪ್ಪಿಸಿಕೊಂಡಳಾ?" ನನಗೆ ಅರಿವಾಗುವ ಮೊದಲೇ ಬಾಯಿಂದ ಬಂದುಬಿಟ್ಟಿತು.

ಪತ್ರಿಕೆ ಮೆಲ್ಲಗೆ ಇಳಿಯಿತು. "ಯಾರು ಸರಿತಾ?"

"ಅದೇ... ಬಾವಿ ಹುಡುಗಿ. ಗೌರಮ್ಮನ ಉಸಿರು ಕೇಳಿಸಿಕೊಂಡವಳು."

"ಗೌರಮ್ಮ ಯಾರು?"

ನಾನು ತಲೆ ತಗ್ಗಿಸಿ ರಕ್ಷಾಪುಟದ ಬೆಟ್ಟ ತೋರಿಸಿದೆ. ಅವರು ನನ್ನನ್ನು ನೋಡಿದರು, ಪುಸ್ತಕ ನೋಡಿದರು, ಮತ್ತೆ ನನ್ನ ಕುಂಕುಮ, ಜಡೆ, ಖಾದಿ ಚೀಲ ಎಲ್ಲವನ್ನೂ ನೋಡಿದರು. "ಅರೆ ಅಲ್ಲಾ! ಬಸ್ ಟಿಕೆಟ್ ನಿಮ್ದಾ? ನಾನು ಅಲ್ಲಿ ಫೋನ್ ಎತ್ತೋ ಹುಡ್ಗೀದು ಅನ್ಕೊಂಡಿದ್ದೆ. ನೀವು ನೋಡಿದ್ರೆ ಸ್ತೋತ್ರ ಬಿಟ್ಟು ಬೇರೆ ಓದಲ್ಲ ಅನ್ನೋ ಥರ ಇದ್ದೀರಾ!" ಎಂದರು. ಇಬ್ಬರೂ ನಕ್ಕೆವು. ಎಷ್ಟು ನಕ್ಕೆವೆಂದರೆ ಅವರ ಬಿಸಿಚೀಲ ಜಾರಿ ನೆಲಕ್ಕೆ ಬಿತ್ತು.

ಅವರ ಹೆಸರು ಜುಬೇದಾ. ಎಲ್ಲರಂತೆ ನಾನೂ ಆಪಾ, ಅಂದರೆ ಅಕ್ಕ, ಎನ್ನತೊಡಗಿದೆ. ಗಂಡ ತೀರಿಕೊಂಡ ಮೇಲೂ ಕಮರ್ಷಿಯಲ್ ಸ್ಟ್ರೀಟಿನ ಬಟ್ಟೆ ಅಂಗಡಿಯ ಗಲ್ಲಾದಲ್ಲಿ ಕೂತು ವ್ಯಾಪಾರ ನಡೆಸಿ, ಈಗ ಮಕ್ಕಳಿಗೆ ಬಿಟ್ಟುಕೊಟ್ಟಿದ್ದರು. ಕಂಟೋನ್ಮೆಂಟಿನ ಕಾನ್ವೆಂಟಿನಲ್ಲಿ ಓದಿದವರು, ಇಂಗ್ಲಿಷ್ ಅವರಿಗೆ ನೀರು ಕುಡಿದ ಹಾಗೆ. ಮನೆಯಲ್ಲಿ ಓದಲು ಅವರಿಗೂ ನಾಚಿಕೆ. "ಸೊಸೆಯಂದ್ರು ನೋಡಿದ್ರೆ ಏನಂತಾರೆ? ಅಮ್ಮೀಗೆ ಅರಳು ಮರಳು ಅಂತಾರೆ," ಎಂದರು. ಮಹಾಮೃಗಕ್ಕೆ ಅವರೂ ಹೆಸರಿಟ್ಟಿದ್ದರು: ಬಡೀ ಫುಪ್ಪು, ಅಂದರೆ ದೊಡ್ಡ ಸೋದರತ್ತೆ. ಅವರ ಸೋದರತ್ತೆಯೊಬ್ಬರು ಹೀಗೇ ಯಾವಾಗಲೂ ಮಲಗಿರುತ್ತಿದ್ದರಂತೆ, ಎದ್ದರೆ ಮಾತ್ರ ಮನೆಯೆಲ್ಲ ನಡುಗುತ್ತಿತ್ತಂತೆ.

ಆಮೇಲಿನ ದಿನಗಳು ನನ್ನ ನಿವೃತ್ತ ಜೀವನದಲ್ಲೇ ಸೊಗಸಾದವು. ಕುರ್ಚಿಗಳನ್ನು ಪಕ್ಕಪಕ್ಕ ಹಾಕಿಕೊಂಡು, ಒಂದೇ ಪುಸ್ತಕವನ್ನು ಇಬ್ಬರ ನಡುವೆ ಇಟ್ಟು ಓದಿದೆವು. ಅವರು ಪುಟ ಮುಗಿಸಿ ನನಗಾಗಿ ಕಾಯುತ್ತಿದ್ದರು. ಕಾಯುವಾಗ ಬೆರಳಿನಿಂದ ಕುರ್ಚಿಯ ಕೈ ತಟ್ಟುತ್ತಿದ್ದರೇ ವಿನಾ ಬೇಗ ಓದಿ ಎಂದವರಲ್ಲ. ತ್ರ್ಯಂಬಕನ ವಿಷಯದಲ್ಲಿ ಜಗಳವಾಡಿದೆವು. ಅವನು ಕೆಟ್ಟವನಲ್ಲ, ಹೆದರಿದವನು ಎಂದು ಅವರು. ಹೆದರಿಕೆಯೇ ಕೆಟ್ಟದ್ದು ಎಂದು ನಾನು. ಈ ಮಾತು ಹೇಳಿದವಳು ಮನೆಗೆ ಹೋಗಿ ಗಂಡನಿಗೆ ಬಿಸಿನೀರು ಕೊಡುತ್ತಿದ್ದಳು.

ಇನ್ನು ಕೊನೆಯ ಅಧ್ಯಾಯವಷ್ಟೇ ಉಳಿದಿತ್ತು. ಆಪಾ ಬರುವುದು ನಿಂತಿತು. ಎರಡು ಸಲ ನಾನೊಬ್ಬಳೇ ಕುಂಟುವ ನಾಟಕವಾಡಿ ಹೋಗಿ, ಪುಸ್ತಕ ಬಿಚ್ಚದೆ ಬಂದೆ. ಆಮೇಲೆ ಅವರದ್ದೇ ಫೋನ್ ಬಂತು.

"ಟೀಚರ್, ಮಂಡಿ ಬದ್ಲಾಯಿಸ್ತಾರಂತೆ ನಂಗೆ. ಡೇಟ್ ಮುಂದೆ ಹಾಕಿದ್ರು, ಈಗ ಡಾಕ್ಟರ್ ಊರಿಗೆ ಹೋಗ್ಬೇಕು ಅಂತ ನಾಳೆ ಬೆಳಿಗ್ಗೇನೇ ಮಾಡ್ತಾರೆ. ಆಸ್ಪತ್ರೇಲಿ ಇದ್ದೀನಿ." ಧ್ವನಿ ಚಿಕ್ಕದಾಗಿತ್ತು. "ನಮ್ಮ ಯಜಮಾನ್ರು ಇದೇ ಥರ ಒಳಗೆ ಹೋದೋರು ಎದ್ದು ಬರ್ಲಿಲ್ಲ. ಹುಡುಗ್ರ ಹತ್ರ ಹೇಳಕ್ಕಾಗಲ್ಲ, ಅವ್ರೇ ಹೆದ್ರಿದ್ದಾರೆ." ಆಮೇಲೆ, "ಫುಪ್ಪು ಎದ್ಲಾ ಇಲ್ವಾ ಗೊತ್ತಾಗ್ದೇನೇ ಹೋಗ್ಬಿಡ್ತೀನೇನೋ ಅಂತ," ಎಂದು ನಗಲು ನೋಡಿದರು.

ನಾನು ಆಟೋ ಹಿಡಿದು ನೇರ ಕುಕ್ ಟೌನಿಗೆ ಹೋದೆ. ಬಾಗಿಲಲ್ಲಿ ಕುಂಟಲು ಮರೆತೆ.

"ರೀಟಾ, ಆ ಪುಸ್ತಕ ನನಗೆ ಇವತ್ತೊಂದು ದಿನ ಬೇಕಮ್ಮ."

"ಯಾವ್ದು ಮಿಸ್? ಕಾಲಿಗೆ ಇಡೋದಾ?"

"ಓದೋದಕ್ಕೆ." ಎಲ್ಲ ಹೇಳಿದೆ. ಪತ್ರಿಕೆಯ ಮರೆ, ಆಪಾ, ಕೊನೆಯ ಅಧ್ಯಾಯ. ಅವಳು ಬೆರಗಾಗಿ ಕೇಳುತ್ತಿದ್ದಳು. ಕೇಳುತ್ತ ಕೇಳುತ್ತ ಅವಳ ಕಣ್ಣು ನನ್ನ ಮಂಡಿಯ ಮೇಲೆ ಬಂದು ನಿಂತಿತು.

"ಹಾಗಾದ್ರೆ ಮಿಸ್... ಮಂಡಿ?"

"ಮಂಡಿ ಚೆನ್ನಾಗಿದೆ."

"ಯಾವಾಗಿಂದ?"

"ಸೂಜಿಗಿಂತ ಮುಂಚಿನಿಂದ."

ರೀಟಾ ಬಾಯಿ ಮೇಲೆ ಕೈ ಇಟ್ಟುಕೊಂಡಳು. ನಗುತ್ತಾಳೆ ಎಂದುಕೊಂಡೆ. "ಅಯ್ಯೋ, ಸಾರಿ ಮಿಸ್, ಎಷ್ಟು ಚುಚ್ಚಿಬಿಟ್ಟೆ!" ಎಂದಳು. ನಕ್ಕಿದ್ದರೆ ತಡೆದುಕೊಳ್ಳುತ್ತಿದ್ದೆ. ಪುಸ್ತಕವನ್ನು ಎದೆಗವಚಿಕೊಂಡು ಹೊರಗೆ ಬಂದೆ. ಆಟೋದಲ್ಲಿ ಕೂತು ಯಜಮಾನರಿಗೆ ಫೋನ್ ಮಾಡಿ, ಗೆಳತಿಯೊಬ್ಬರನ್ನು ನೋಡಲು ಆಸ್ಪತ್ರೆಗೆ ಹೋಗುತ್ತಿದ್ದೇನೆ ಎಂದಷ್ಟೇ ಹೇಳಿದೆ. ಸಂಜೆ ಬಂದು ಕರೆದುಕೊಂಡು ಹೋಗ್ತೀನಿ, ಆ ಕಾಲಲ್ಲಿ ಒಬ್ಬಳೇ ಬರಬೇಡ ಎಂದರು ಆ ಪುಣ್ಯಾತ್ಮ.

ಹೆಂಗಸರ ವಾರ್ಡಿನಲ್ಲಿ ಕಿಟಕಿಯ ಪಕ್ಕದ ಹಾಸಿಗೆ ಆಪಾರದು. ಬುರ್ಖಾ ಇಲ್ಲದೆ, ಆಸ್ಪತ್ರೆಯ ಹಸಿರು ಅಂಗಿಯಲ್ಲಿ ಅವರು ತೀರ ಸಣ್ಣಗೆ ಕಂಡರು. ಪುಸ್ತಕ ಕೊಟ್ಟರೆ ತೆಗೆದುಕೊಳ್ಳಲಿಲ್ಲ. "ಅಕ್ಷರ ಓಡಾಡ್ತಾವೆ ಟೀಚರ್. ನೀವೇ ಓದಿ."

ನಾನು ಇಂಗ್ಲಿಷಿನಲ್ಲಿ ಒಂದು ವಾಕ್ಯ ಓದಿದೆ. ಪಕ್ಕದ ಹಾಸಿಗೆಯವರು ತಿರುಗಿ ನೋಡಿದ್ದಕ್ಕೆ ನಾಲಿಗೆ ತೊಡರಿತು.

"ನಕ್ಕೋ, ನಕ್ಕೋ," ಎಂದು ಆಪಾ ಕೈಯಾಡಿಸಿ ಬೇಡವೆಂದರು. "ಕನ್ನಡದಲ್ಲಿ ಹೇಳಿ. ನಿಮ್ಮ ಗೌರಮ್ಮನ್ನೇ ಹೇಳಿ."

ಹೇಳತೊಡಗಿದೆ. ಮೊದಲು ಅವರ ಕಿವಿಗಷ್ಟೇ. ಸರಿತಾ ಹಗ್ಗ ಹಿಡಿದು ಬಾವಿಗೆ ಇಳಿಯುತ್ತಾಳೆ. ಮೇಲೆ ತ್ರ್ಯಂಬಕ ಹಗ್ಗ ಕತ್ತರಿಸಲು ಕತ್ತಿ ಎತ್ತುತ್ತಾನೆ. "ಜೋರಾಗಿ ಹೇಳ್ರೀ, ನಮ್ಗೂ ಕೇಳಿಸ್ಲಿ," ಎಂದರು ಪಕ್ಕದ ಹಾಸಿಗೆಯವರು, ಕೆ.ಆರ್. ಪುರಂನವರು, ಕಾಲಿಗೆ ಪ್ಲಾಸ್ಟರ್. "ಯಾವೂರಿನ್ ಗೌರಮ್ಮ ಅದು?"

ಹಳಗನ್ನಡ ಪದ್ಯಗಳನ್ನು ಕೊನೆಯ ಬೆಂಚಿಗೆ ಕೇಳುವಂತೆ ಓದಿ ಪಳಗಿದ ಗಂಟಲು ನನ್ನದು. ಒಮ್ಮೆ ಬಿಟ್ಟ ಮೇಲೆ ನಿಲ್ಲಲಿಲ್ಲ. ಎದ್ದು ನಿಂತೆ. ಹಗ್ಗ ಇಳಿಯುವುದನ್ನು ಕೈಯಲ್ಲಿ ತೋರಿಸಿದೆ. ಗೌರಮ್ಮ ನಿದ್ದೆಯಲ್ಲಿ ಮಗ್ಗುಲು ಬದಲಾಯಿಸುವುದನ್ನು ತೋರಿಸಲು ಎರಡೂ ಮಂಡಿ ಮಡಿಚಿ ಪೂರ್ತಿ ಕುಕ್ಕರಗಾಲಿನಲ್ಲಿ ಕೂತು, ಅಲ್ಲಿಂದ ಮೆಲ್ಲಗೆ ಏಳುತ್ತ ಹೊಟ್ಟೆಯ ಆಳದಿಂದ ಘೀಳಿಟ್ಟೆ. ಪ್ಲಾಸ್ಟರಿನವರು ದೇವರ ಹೆಸರು ಹೇಳಿದರು. ಆಪಾ ಚಾದರವನ್ನು ಗಲ್ಲದವರೆಗೆ ಎಳೆದುಕೊಂಡು ಮಗುವಿನ ಹಾಗೆ ಕಣ್ಣರಳಿಸಿದ್ದರು. ಆಗ ಬಾಗಿಲ ಕಡೆ ನೋಡಿದೆ.

ನಮ್ಮ ಯಜಮಾನರು ನಿಂತಿದ್ದರು.

ಎಷ್ಟು ಹೊತ್ತಿನಿಂದ ನಿಂತಿದ್ದರೋ. ಅವರು ನನ್ನ ಮುಖ ನೋಡಲಿಲ್ಲ. ನನ್ನ ಮಂಡಿಗಳನ್ನು ನೋಡುತ್ತಿದ್ದರು. ನನ್ನ ಕೈಗಳು ಇನ್ನೂ ಪಂಜಗಳಂತೆ ಗಾಳಿಯಲ್ಲಿದ್ದವು. ಅವರು ತಿರುಗಿ ಹೋದರು. ನೆಲ ಬಿರಿದು ನನ್ನನ್ನು ನುಂಗಬಾರದೇ ಎನಿಸಿತು.

"ಆಮೇಲೆ?" ಎಂದರು ಆಪಾ.

ಆಮೇಲೆ ಮುಂದುವರಿಸಿದೆ, ಬೇರೆ ದಾರಿ ಇರಲಿಲ್ಲ. ಹಗ್ಗ ತುಂಡಾಗುತ್ತದೆ. ಸರಿತಾ ಕತ್ತಲಲ್ಲಿ ಬೀಳುತ್ತಾಳೆ. ಕೈಗೆ ಒದ್ದೆಯಾದ, ನುಣುಪಾದ ಗೋಡೆ ತಾಗುತ್ತದೆ. ಅಂಗೈ ಊರುತ್ತಾಳೆ. ಗೋಡೆ ಅದುರುತ್ತದೆ. ಗೋಡೆ ಎರಡಾಗಿ ತೆರೆಯುತ್ತದೆ. ಅದು ಗೋಡೆಯಲ್ಲ, ಕಣ್ಣು. ಗೌರಮ್ಮ ಕಣ್ಣು ಬಿಟ್ಟು ಅವಳನ್ನು ನೋಡುತ್ತಾಳೆ.

ನಾನು ಪುಸ್ತಕ ಮುಚ್ಚಿದೆ.

"ಆಮೇಲೆ?"

"ಅಷ್ಟೇ ಆಪಾ. ಮೊದಲನೇ ಸಂಪುಟ ಮುಗೀತು."

"ಅಷ್ಟೇ ಅಂದ್ರೆ? ಫುಪ್ಪು ಏನ್ ಮಾಡಿದ್ಲು? ತಿಂದ್ಲಾ ಹುಡ್ಗೀನ?"

"ಅದು ಎರಡನೇದರಲ್ಲಿ ಇರುತ್ತೆ."

"ಇದೆಂಥಾ ವ್ಯಾಪಾರ!" ಎಂದು ಆಪಾ ಎದ್ದು ಕೂತರು. ಕಮರ್ಷಿಯಲ್ ಸ್ಟ್ರೀಟಿನ ಗಲ್ಲಾದ ಧ್ವನಿ ಅದು. "ಬ್ಲೌಸ್ ಪೀಸ್ ಕೊಟ್ಟು ಸೀರೆಗೆ ಆಮೇಲೆ ಬಾ ಅಂದ್ರೆ ಗಿರಾಕಿ ಬಿಡ್ತಾರಾ?" ಬಿಪಿ ನೋಡಲು ಬಂದ ನರ್ಸಮ್ಮ ಪಟ್ಟಿ ಸುತ್ತಿ, ಇದೇನು ಇಷ್ಟು ಏರಿದೆ ಎಂದು ನನ್ನನ್ನು ಬೈದು ಹೊರಗೆ ಕಳಿಸಿದರು. ಹೋಗುವಾಗ ಆಪಾ ಅವರಿಗೆ ಹೇಳುತ್ತಿದ್ದುದು ಕೇಳಿಸಿತು: "ನಾಳೆ ಬೇಗ ಮುಗಿಸಿ ಅಂತ ಡಾಕ್ಟರ್‌ಗೆ ಹೇಳಮ್ಮ. ನಂಗೆ ಆಮೇಲೆ ಕೆಲ್ಸ ಇದೆ."

ಯಜಮಾನರು ಎಲ್ಲೂ ಕಾಣಲಿಲ್ಲ. ಕೊನೆಗೆ ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಸಿಕ್ಕರು. ಅವರ ಮುಂದೆ ಒಂದು ಖಾಲಿ ಕಾಫಿ ಲೋಟ, ಕೈಯಲ್ಲಿ ಇನ್ನೊಂದು ತುಂಬಿದ್ದು. ಕಣ್ಣು ಮುಚ್ಚಿ ಹೀರುತ್ತಿದ್ದರು. ನಾನು ಎದುರು ಕೂತೆ. ಮಾತು ಶುರುಮಾಡಲು ಹೋಗಿ ಅತ್ತುಬಿಟ್ಟೆ. ಅವರು ಲೋಟ ಮುಗಿಸಿ ಕೆಳಗಿಟ್ಟು, "ಸೋಮೇಶ್ವರ ದೊಡ್ಡವನು ಕಣೇ," ಎಂದರು. "ಮಂಡಿ ಸರಿಮಾಡು ಅಂತ ಕೇಳ್ಕೊಂಡ್ರೆ ಕುಣಿಯೋ ಹಾಗೇ ಮಾಡ್ಬಿಟ್ಟ." ಅಷ್ಟೇ. ಸಿಟ್ಟು ಮಾಡಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಇವತ್ತಿಗೂ ಅವರಿಗೆ ಬೆಳಿಗ್ಗೆಯ ಕಾಫಿ ಕೊಡುವಾಗ ಲೋಟ ತುಳುಕುವಷ್ಟು ತುಂಬಿಸುತ್ತೇನೆ.

ಆಪಾರ ಆಪರೇಷನ್ ಚೆನ್ನಾಗಿಯೇ ಆಯಿತು. ಪ್ರಜ್ಞೆ ಸರಿಯಾಗಿ ಬರುತ್ತಲೇ ಮಗನ ಕೈಯಲ್ಲಿ ಫೋನ್ ಮಾಡಿಸಿದರು. "ನಡೆಯಕ್ಕಾಗಲ್ಲ ನಂಗೆ. ನೀವೇ ಹೋಗಿ ಎರಡನೇದು ತನ್ನಿ. ಬರೋವಾಗ ಓದ್ಬಾರ್ದು!"

ಹೋದೆ. ಜೀವನದಲ್ಲಿ ಮೊದಲ ಸಲ ಇಂದಿರಾನಗರದ ಒಂದು ಗಾಜಿನ ಬಾಗಿಲಿನ ಪುಸ್ತಕದಂಗಡಿಗೆ. ಕನ್ನಡದ ಕಪಾಟಿನ ಮುಂದೆ ನಿಂತು, ಬೇಕಿಲ್ಲದ ವಿಮರ್ಶಾ ಗ್ರಂಥವೊಂದನ್ನು ತಿರುವುತ್ತ ಬಹಳ ಹೊತ್ತು ಕಳೆದೆ. ನಮ್ಮ ಬಡಾವಣೆಯವರು ಯಾರೂ ಇಲ್ಲವೆಂದು ಖಾತ್ರಿಯಾದ ಮೇಲೆ ಹದಿಹರೆಯದವರ ವಿಭಾಗದ ಕಡೆ ಸರಿದೆ. ಅಲ್ಲಿದ್ದಿತು ಎರಡನೆಯ ಸಂಪುಟ, ಮೊದಲನೆಯದಕ್ಕಿಂತ ದಪ್ಪ. ಎತ್ತಿಕೊಂಡು ಕೌಂಟರಿಗೆ ಹೋದೆ. ಅಲ್ಲಿದ್ದ ಹುಡುಗಿ ಗುಂಗುರು ಕೂದಲಿನವಳು, ಮೂಗಿನಲ್ಲಿ ಬೆಳ್ಳಿ ರಿಂಗು.

"ಗಿಫ್ಟ್ ಪ್ಯಾಕ್ ಮಾಡ್ಲಾ ಆಂಟಿ? ಮೊಮ್ಮಕ್ಕಳಿಗಾ?"

"ಹೂಂ," ಎಂದೆ. ಸುಳ್ಳು ಎಷ್ಟು ಸಲೀಸಾಗಿ ಬಂತು!

ಅವಳು ಪುಸ್ತಕ ತಿರುಗಿಸಿ ನೋಡಿ ಸ್ವಲ್ಪ ಅನುಮಾನಿಸಿದಳು. "ಆಂಟಿ, ಒಂದ್ನಿಮಿಷ. ಈ ಪಾರ್ಟ್ ಸ್ವಲ್ಪ ಭಯ ಆಗೋ ಥರ ಇದೆ. ಚಿಕ್ಕ ಮಕ್ಕಳಾದ್ರೆ ಬೇಡ. ಓದೋವ್ರಿಗೆ ಏಜ್ ಎಷ್ಟು?"

ಹದಿಮೂರು ಎನ್ನಬೇಕೆಂದಿದ್ದೆ. ಹದಿನಾಲ್ಕು ಎಂದರೂ ನಡೆಯುತ್ತಿತ್ತು. ಆ ಹುಡುಗಿ ನಿಜವಾದ ಕಾಳಜಿಯಿಂದ, ಪುಸ್ತಕದ ಮೇಲೆ ಕೈಯಿಟ್ಟುಕೊಂಡು, ನನ್ನ ಮುಖವನ್ನೇ ನೋಡುತ್ತಿದ್ದಳು. ನನ್ನ ಹಿಂದೆ ಇನ್ನಿಬ್ಬರು ನಿಂತಿದ್ದರು. ಕಿವಿ ಬಿಸಿಯಾಯಿತು.

"ಒಬ್ಬರಿಗೆ ಅರವತ್ತೆರಡು," ಎಂದೆ. "ಇನ್ನೊಬ್ಬರಿಗೆ ಎಪ್ಪತ್ತಾಗಿದೆ."

ಅವಳು ನಗಲಿಲ್ಲ. ಒಂದು ಕ್ಷಣ ಗಂಭೀರವಾಗಿ ಯೋಚಿಸಿದಳು.

"ಹಾಗಾದ್ರೆ ಪರವಾಗಿಲ್ಲ ಆಂಟಿ," ಎಂದಳು. "ಓದ್ಬಹುದು."